ಗಂಟಿ ಬಡದ ಮ್ಯಾಲ ಚಾ

ಲಕ್ಷ್ಮೇಶ್ವರದ ಪೇಟೆಯಲ್ಲಿ ಗಾದಿ ಮಾಡುವ ಮರ್ದಾನಸಾಬನ ಕೈ ಒಳ್ಳೆಯದು, ತಲೆಯದೇ ತಾಪತ್ರಯ. ಕೈ ಮಾಡಿದ ಗಾದಿಗಳ ಮೇಲೆ ಅರ್ಧ ಊರು ನೆಮ್ಮದಿಯಾಗಿ ಮಲಗುತ್ತಿತ್ತು. ತಲೆ ಮಾಡಿದ ಕೆಲಸಗಳಿಂದ ಅವನ ಹೆಂಡತಿ ಜೈಬುನ್ನೀಸಾಳಿಗೆ ಮಾತ್ರ ನೆಮ್ಮದಿ ಇರಲಿಲ್ಲ. ಒಮ್ಮೆ ಹಾಲು ಉಕ್ಕುವ ಮೊದಲೇ ಕೂಗಿಕೊಳ್ಳುವ ಡಬ್ಬಿಯೊಂದನ್ನು ಅವನು ತಯಾರಿಸಿದ್ದ. ಹಾಲು ಉಕ್ಕಿತು, ಒಲೆ ಆರಿತು, ಡಬ್ಬಿ ಕೂಗಲಿಲ್ಲ, ಜೈಬುನ್ನೀಸಾ ಕೂಗಿದಳು. ಆ ಕೂಗು ಸೋಮೇಶ್ವರ ಗುಡಿಯವರೆಗೂ ಕೇಳಿಸಿತ್ತೆಂದು ಓಣಿಯವರು ಈಗಲೂ ಹೇಳುತ್ತಾರೆ.

ಇಂಥ ಮರ್ದಾನಸಾಬನಿಗೆ ಬಾಳಿನಲ್ಲಿ ಒಂದೇ ಒಂದು ಕೊರಗಿತ್ತು. ಆ ಕೊರಗಿನ ಹೆಸರು ಗುಡುಸಾಬ.

ಗುಡುಸಾಬರು ಜೈಬುನ್ನೀಸಾಳ ಅಣ್ಣ. ಮುಂಡರಗಿಯಲ್ಲಿ ಟೇಲರ್. ತಂದೆ ತಾಯಿ ತೀರಿದ ಮೇಲೆ ತಂಗಿಯನ್ನು ಸಾಕಿ, ಬೆಳೆಸಿ, ಮದುವೆ ಮಾಡಿಕೊಟ್ಟವರು. ಆಳು ಕಡ್ಡಿಯಷ್ಟು ತೆಳ್ಳಗೆ. ಮಾನದ ವಿಷಯಕ್ಕೆ ಬಂದರೆ ಮಾತ್ರ ಅವರನ್ನು ಎತ್ತಲು ನಾಲ್ಕು ಜನ ಬೇಕು. ಮರ್ದಾನಸಾಬ ಹೊಸ ಮನೆ ಕಟ್ಟಿ ಒಳಹೊಕ್ಕ ದಿನ ನಡುಮನೆಯಲ್ಲಿ ಉದ್ದಕ್ಕೆ ಗಾದಿ ಹಾಸಿ ಬೀಗರನ್ನೆಲ್ಲ ಸಾಲಾಗಿ ಕೂರಿಸಿದ್ದ. ಚಾದ ತಟ್ಟೆ ಹಿಡಿದು ಬಾಗಿಲ ಕಡೆಯಿಂದ ತಾನೇ ಹಂಚುತ್ತ ಬಂದ. ಮೂಲೆಯಲ್ಲಿದ್ದ ಗುಡುಸಾಬರ ಹತ್ತಿರ ಬರುವಷ್ಟರಲ್ಲಿ ತಟ್ಟೆ ಬರಿದಾಯಿತು. "ಈಗ ತಂದೆ ಭಾವಾರ" ಎಂದು ಒಳಗೆ ಹೊರಟ. ದಾರಿಯಲ್ಲಿ ಯಾರೋ ಹೊಸ ಮನೆಯ ನೀರಿನ ಟಾಕಿಯ ಬಗ್ಗೆ ಒಂದು ಮಾತು ಕೇಳಿದರು. ಟಾಕಿ ತುಂಬಿದ ಕೂಡಲೇ ತಾನಾಗಿ ನಿಲ್ಲುವ ಪಂಪಿನ ಯೋಚನೆಯೊಂದು ಆಗ ಅವನ ತಲೆಯಲ್ಲಿ ಓಡಾಡುತ್ತಿತ್ತು. ಅದನ್ನು ವಿವರಿಸಲು ಅವರನ್ನು ಮಾಳಿಗೆಗೆ ಕರೆದುಕೊಂಡು ಹೋದ. ಕೆಳಗಿಳಿದು ಬಂದಾಗ ಬೀಗರೆಲ್ಲ ಚಾ ಕುಡಿದು, ಊಟವನ್ನೂ ಮುಗಿಸಿ ಎದ್ದಿದ್ದರು. ಮೂಲೆ ಖಾಲಿಯಾಗಿತ್ತು. ಗುಡುಸಾಬರು ಅಷ್ಟು ಹೊತ್ತು ಕುಳಿತಿದ್ದ ಜಾಗದಲ್ಲಿ ಗಾದಿಗೆ ಒಂದು ತಗ್ಗು ಕೂಡ ಬಿದ್ದಿರಲಿಲ್ಲ.

ನಮ್ಮ ಕಡೆ ಮನೆಗೆ ಬಂದವನಿಗೆ ಊಟ ತಪ್ಪಿದರೆ ಕ್ಷಮೆ ಉಂಟು, ಚಾ ತಪ್ಪಿದರೆ ಇಲ್ಲ. "ಆ ಮನ್ಯಾಗ ನಾ ಕುಂತದ್ದು ಯಾರ ಕಣ್ಣಿಗೂ ಕಾಣಂಗಿಲ್ಲ" ಎಂದು ಗುಡುಸಾಬರು ಮುಂಡರಗಿಯ ಬಸ್ಸಿನಲ್ಲಿ ಪಕ್ಕದವರಿಗೆ ಹೇಳಿದರಂತೆ. ಆಮೇಲೆ ಅವರು ತಂಗಿಯ ಹೊಸ್ತಿಲು ತುಳಿಯಲಿಲ್ಲ. ಹಬ್ಬಕ್ಕೊಮ್ಮೆ ಅವಳಿಗೆ ಜಂಪರು ಹೊಲಿದು ಯಾರ ಕೈಯಲ್ಲಾದರೂ ಕಳಿಸುತ್ತಿದ್ದರು. ಅಳತೆ ಕೇಳದೆ ಹೊಲಿದರೂ ಅದು ಮೈಗೆ ಸರಿಯಾಗಿ ಕೂರುತ್ತಿತ್ತು. ಆ ಜಂಪರು ತೊಟ್ಟ ದಿನ ಜೈಬುನ್ನೀಸಾ ಗಂಡನ ಜೊತೆ ಮಾತಾಡುತ್ತಿರಲಿಲ್ಲ.

ಕೊನೆಗೆ ಕಾಳಿನ ವ್ಯಾಪಾರಿ ನಿಜಲಿಂಗಪ್ಪ ನಡುವೆ ಬಿದ್ದ. ಅವನು ಇದೇ ಓಣಿಯವನು, ಮುಂಡರಗಿಗೆ ವ್ಯಾಪಾರಕ್ಕೆ ಹೋದಾಗಲೆಲ್ಲ ಗುಡುಸಾಬರ ಅಂಗಡಿಯಲ್ಲಿ ಕೂತು ಬರುವವನು. ಒಂದು ದಿನ ಬಂದು ಸುದ್ದಿ ಹೇಳಿದ.

"ಮುಂದಿನ ತಿಂಗಳ ಮೊದಲನೇ ಶುಕ್ರವಾರ ನಮಾಜ ಮುಗಿಸಿಕೊಂಡು ಬರತೀನಿ ಅಂದಾರ. ಒಂದು ಕಪ್ಪು ಚಾ ಕುಡದು ಹೋಗತಾರಂತ. ನೋಡು ಮರ್ದಾನಸಾಬ, ಈ ಸಲ ಏನರೆ ಕೆಡಿಸಿದರ ನಾ ಮತ್ತ ನಡುವ ಬರಾಂವಲ್ಲ."

ಜೈಬುನ್ನೀಸಾ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಆಮೇಲೆ ಅದೇ ಕಣ್ಣಿನಿಂದ ಗಂಡನನ್ನು ನೋಡಿದಳು.

"ನಮ್ಮಣ್ಣ ಈ ಸಲಾನೂ ಚಾ ಇಲ್ಲದ ಎದ್ದು ಹೋದನಂದ್ರ, ಅದೇ ಬಸ್ಸಿಗೆ ನಾನೂ ಮುಂಡರಗಿಗೆ ಹೊಕ್ಕೀನಿ. ನಿಮ್ಮ ಟಾಕಿ ನೋಡಕೋತ ನೀವು ಕುಂಡ್ರಿ."

ಬೇರೆ ಯಾರಾದರೂ ಆಗಿದ್ದರೆ ಹೆಚ್ಚಿಗೆ ಒಂದು ಸೇರು ಹಾಲು ತರಿಸಿ ಸುಮ್ಮನಾಗುತ್ತಿದ್ದರು. ಆದರೆ ಅದೇ ವಾರ ಫಕೀರೇಶನ ಟಂಟಂ ಗಾಡಿಯ ಸೀಟಿಗೆ ಹೊಸ ರೆಕ್ಸಿನ್ ಹಾಕುವ ಕೆಲಸ ಮರ್ದಾನಸಾಬನಿಗೆ ಬಂತು. ಎಲ್ಲವೂ ಕೆಟ್ಟದ್ದು ಅಲ್ಲಿಂದ.

ಫಕೀರೇಶ ಲಕ್ಷ್ಮೇಶ್ವರದಿಂದ ಶಿರಹಟ್ಟಿಗೆ ಟಂಟಂ ಓಡಿಸುವವನು. ಖಾಲಿ ಹೊತ್ತಿನಲ್ಲಿ ಫೋನಿನಲ್ಲಿ ವಿಡಿಯೋ ನೋಡಿ ಏನೇನೋ ಕಲಿಯುವ ಹವ್ಯಾಸ. ಹಳೆ ರೆಕ್ಸಿನ್ ಬಿಚ್ಚಿದ ಮರ್ದಾನಸಾಬನಿಗೆ ಒಳಗೆ ತೆಳ್ಳಗಿನ ದುಂಡು ಬಿಲ್ಲೆಗಳು, ಅವುಗಳಿಂದ ಹೊರಟ ವೈರುಗಳು ಕಂಡವು.

"ಇದೇನಲೇ ಫಕೀರೇಶ, ಸೀಟಿನೊಳಗ ಹಪ್ಪಳ ಇಟ್ಟೀಯಲ್ಲ?"

"ಹಪ್ಪಳ ಅಲ್ಲ ಕಾಕಾ, ಸೆನ್ಸರ್. ಒತ್ತಿದರ ಹೇಳತೈತಿ. ನಾಕು ಮಂದಿ ಮಿರ್ಚಿ ಗಿರಮಿಟ್ಟು ತಿಂದಷ್ಟು ರೊಕ್ಕದಾಗ ಎಲ್ಲಾ ಬಂದೈತಿ. ಹಿಂದ ಯಾರು ಹತ್ತಿದರು, ಎಷ್ಟು ಮಂದಿ ತುರುಕಿಕೊಂಡರು, ನನಗ ಕಾಣಂಗಿಲ್ಲ. ಏರಿನಾಗ ಗಾಡಿ ಅಳತೈತಿ. ಈಗ ಭಾರ ಕುಂತ ಕೂಡಲೇ ಮುಂದ ಗಂಟಿ ಬಡೀತೈತಿ. ಒಂದು ಸೀಟಿನ ಭಾರಕ್ಕ ಒಂದು ಗಂಟಿ."

ಕುಂತದ್ದು ಕಾಣಂಗಿಲ್ಲ. ಕುಂತ ಕೂಡಲೇ ಗಂಟಿ. ಮರ್ದಾನಸಾಬನ ಕೈಯಲ್ಲಿದ್ದ ಸೂಜಿ ಹಾಗೇ ನಿಂತಿತು.

"ಯಾರರೆ ಗಾದಿ ಮ್ಯಾಲ ಕುಂತರ ಅಡಗಿಮನ್ಯಾಗ ಗಂಟಿ ಬಡಿಯೂ ಹಂಗ ಮಾಡಾಕ ಬರತೈತೇನು?"

"ಯಾಕ ಬರೂದಿಲ್ಲ? ಆದರ ಕಾಕಾ, ಇದು ಭಾರ ಎಣಸತೈತಿ, ಮಂದಿ ಎಣಸಂಗಿಲ್ಲ."

"ಭಾರ ಇಲ್ಲದ ಮಂದಿ ಎಲ್ಲಿ ಇರತಾರಲೇ?"

ಈ ಪ್ರಶ್ನೆಗೆ ಫಕೀರೇಶನ ಬಳಿ ಉತ್ತರವಿರಲಿಲ್ಲ. ಇದ್ದ ಉತ್ತರ ಮುಂಡರಗಿಯಲ್ಲಿ ಬಟ್ಟೆ ಹೊಲಿಯುತ್ತ ಕುಳಿತಿತ್ತು.

ಎರಡೇ ದಿನದಲ್ಲಿ ನಡುಮನೆಯ ಗಾದಿಗಳ ಕೆಳಗೆ ಬಿಲ್ಲೆಗಳು ಬಂದವು, ಅಡುಗೆಮನೆಯ ಗೋಡೆಗೆ ಒಂದು ಪುಟ್ಟ ಗಂಟೆ ಬಂತು, ಮೊಳೆಗೆ ತೂಗುಹಾಕಿದ ಬ್ಯಾಟರಿಯೂ ಬಂತು. ಫಕೀರೇಶ ಸಣ್ಣದೊಂದು ತಿರುಪು ಹಿಡಿದುಕೊಂಡು, "ಒಂದು ಆಳಂದ್ರ ಎಷ್ಟು ಭಾರ ಇಡೂಣು ಕಾಕಾ?" ಎಂದು ಕೇಳಿದ. ಮರ್ದಾನಸಾಬ ಆಗ ತಾನೇ ಊಟ ಮುಗಿಸಿದ್ದ. ರೊಟ್ಟಿ, ಬದನೆಕಾಯಿ ಎಣಗಾಯಿ, ಮೇಲೆ ಮೊಸರನ್ನ. ಗಾದಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು, "ಇದು ಒಂದು ಆಳು" ಎಂದ. ಹೀಗೆ ಆ ಮನೆಯ ಮಟ್ಟಿಗೆ ಮನುಷ್ಯಕುಲದ ಅಳತೆ ಊಟವಾದ ಮರ್ದಾನಸಾಬನೇ ಎಂದು ತೀರ್ಮಾನವಾಯಿತು.

ಭಾವನಿಗೆಂದು ಮೂಲೆಯಲ್ಲಿ ಬೇರೆಯೇ ಒಂದು ಗಾದಿ ಹಾಕಿದ. ಹೊಂಬಳದ ಹೊಸ ಹತ್ತಿಯನ್ನು ಎರಡೆರಡು ಸಲ ಹಿಂಜಿ, ಉಳಿದವುಗಳಿಗಿಂತ ಒಂದು ಗೇಣು ದಪ್ಪ ತುಂಬಿದ್ದ. ಒಳ್ಳೆಯ ಗಾದಿ ಎಂದರೆ ಕುಳಿತವನ ಭಾರವನ್ನು ತಾನೇ ನುಂಗಬೇಕು, ಕೆಳಗಿನ ನೆಲಕ್ಕೆ ಗೊತ್ತಾಗಬಾರದು ಎಂದು ಗಿರಾಕಿಗಳಿಗೆ ದಿನವೂ ಹೇಳುವವನು ಅವನೇ. ನೆಲಕ್ಕೆ ಗೊತ್ತಾಗದಿದ್ದರೆ ನೆಲದ ಮೇಲಿನ ಬಿಲ್ಲೆಗೂ ಗೊತ್ತಾಗುವುದಿಲ್ಲ ಎಂಬ ವಿಚಾರ ಅವನ ತಲೆಗೆ ಬರಲಿಲ್ಲ. ಅಂಗಡಿಯ ಮುಂದೆ ಮಾತ್ರ ಹೊಸ ಬೋರ್ಡು ಬಂತು: 'ಸ್ಮಾರ್ಟ್ ಗಾದಿ. ಕುಳಿತರೆ ತಿಳಿಯುತ್ತದೆ.'

ಹೆಂಡತಿಗೆ ಕಾನೂನು ಹೇಳಿದ. "ಗಂಟಿ ಬಡದ ಮ್ಯಾಲ ಚಾ. ಎಷ್ಟು ಗಂಟಿ, ಅಷ್ಟು ಕಪ್ಪು. ಬಡೀಲಿಲ್ಲಂದ್ರ ಯಾರೂ ಬಂದಿಲ್ಲಂತ ತಿಳಕೋ."

"ಬಗ್ಗಿ ನೋಡಿದರ ನನಗ ಗೊತ್ತಾಗಂಗಿಲ್ಲೇನ್ರೀ, ಎಷ್ಟು ಮಂದಿ ಅದಾರಂತ?"

"ಹೊಸಾ ಮನಿ ಹೊಕ್ಕ ದಿನ ಎಲ್ಲಾರೂ ಬಗ್ಗಿ ನೋಡಿದ್ದರು. ಏನಾತು?"

ಜೈಬುನ್ನೀಸಾ ಒಲೆಯ ಕಡೆ ತಿರುಗಿದಳು. ಅಣ್ಣ ಬರುವ ಶುಕ್ರವಾರದೊಳಗೆ ಈ ಹುಚ್ಚು ತಾನಾಗಿ ಇಳಿದೀತು ಎಂದು ಅವಳ ಲೆಕ್ಕ.

ಮೊದಲ ಅತಿಥಿಯಾಗಿ ನಿಜಲಿಂಗಪ್ಪ ಬಂದ. ನಿಜಲಿಂಗಪ್ಪ ಕೂರುವುದು ಎಂದರೆ ಲಾರಿಯಿಂದ ಚೀಲ ಇಳಿಸಿದ ಹಾಗೆ. ಧೊಪ್ಪೆಂದು ಕುಳಿತ. ಒಳಗೆ ಟಣ್, ಟಣ್ ಎಂದು ಎರಡು ಸಲ ಕೇಳಿಸಿತು. ಎರಡು ಕಪ್ಪು ಚಾ ಬಂತು. ಒಂದು ಮರ್ದಾನಸಾಬನದಿರಬೇಕೆಂದು ನಿಜಲಿಂಗಪ್ಪ ಅವನತ್ತ ಸರಿಸಿದ. "ಅಲ್ಲಲ್ಲ ಸಾವಕಾರ್ರ, ಎರಡೂ ನಿಮ್ಮವು. ಲೆಕ್ಕ ಹಂಗ ಬಂದೈತಿ" ಎಂದು ಮರ್ದಾನಸಾಬ ಗಂಭೀರವಾಗಿ ವಾಪಸು ಸರಿಸಿದ. ಭಾವ-ಮೈದುನರ ನಡುವೆ ರಾಜಿ ಮಾಡಿಸಿದ್ದಕ್ಕೆ ಈ ಮರ್ಯಾದೆ ಎಂದುಕೊಂಡು ನಿಜಲಿಂಗಪ್ಪ ಎರಡನ್ನೂ ಕುಡಿದ. ಮರುದಿನ ಮುಂಜಾನೆ ಕೆಲಸವಿಲ್ಲದಿದ್ದರೂ ಮತ್ತೆ ಬಂದ. ಪೇಟೆಯಲ್ಲಿ, "ಮರ್ಯಾದಿ ಕಲೀಬೇಕಂದ್ರ ಮರ್ದಾನಸಾಬನ ಮನಿಗಿ ಹೋಗ್ರಿ" ಎಂದು ಹೇಳುತ್ತ ತಿರುಗಿದ.

ಅದನ್ನು ಕೇಳಿ ಎದುರುಮನೆಯ ಮುದುಕಿ ಕಸ್ತೂರೆವ್ವ ಮರ್ಯಾದೆ ನೋಡಲು ಬಂದಳು. ಹಿರಿಯಳೆಂದು ಅವಳನ್ನು ಮೂಲೆಯ ದಪ್ಪ ಗಾದಿಯ ಮೇಲೆ ಕೂರಿಸಿದ. ಜೈಬುನ್ನೀಸಾ ಹಿತ್ತಲಲ್ಲಿ ಬಟ್ಟೆ ಒಗೆಯುತ್ತ ಗಂಟೆಗೆ ಕಿವಿಗೊಟ್ಟಿದ್ದಳು. ಕಸ್ತೂರೆವ್ವ ಕುಳಿತದ್ದು ಗಾದಿಗೇ ಸರಿಯಾಗಿ ಗೊತ್ತಾದಂತಿರಲಿಲ್ಲ, ಗಂಟೆಗೆ ಗೊತ್ತಾಗುವುದು ದೂರದ ಮಾತು. "ಈಗ ಬರತೈತಿ ಯವ್ವಾ" ಎಂದು ಮರ್ದಾನಸಾಬ ಒಳಗೆ ಕಿವಿಯಿಟ್ಟು ಕುಳಿತ. ಕಸ್ತೂರೆವ್ವ ಸೊಸೆಯ ಸುದ್ದಿ ಹೇಳಿದಳು, ಮೊಣಕಾಲು ನೋವಿನ ಸುದ್ದಿ ಹೇಳಿದಳು, ಶೇಂಗಾಕ್ಕೆ ಹಂದಿ ಬಿದ್ದ ಸುದ್ದಿಯನ್ನೂ ಹೇಳಿ ಮುಗಿಸಿದಳು. ಚಾ ಬರಲಿಲ್ಲ. ಎದ್ದು ಬಾಗಿಲಲ್ಲಿ ನಿಂತು ಕೇಳಿಯೇಬಿಟ್ಟಳು.

"ನಿಜಲಿಂಗಪ್ಪಗ ಎರಡು ಕಪ್ಪಂತ. ಮುದಿಕಿಗೆ ಅರ್ಧ ಕಪ್ಪೂ ಇಲ್ಲೇನೋ ಮರ್ದಾನಾ?"

ಮರ್ದಾನಸಾಬ ಆಗ ಗಾದಿಯ ಅಂಚು ಎತ್ತಿ ಬಿಲ್ಲೆಯನ್ನು ನೋಡುತ್ತಿದ್ದ. ತಲೆ ಎತ್ತದೆಯೇ ಉತ್ತರ ಕೊಟ್ಟ.

"ನಿನ್ನ ತೂಕ ಸಾಲಲಿಲ್ಲ ಯವ್ವಾ."

ಒಬ್ಬ ಮನುಷ್ಯ ತನ್ನ ಓಣಿಯ ಹಿರಿಯ ಹೆಂಗಸಿಗೆ ಹೇಳಬಾರದ ಮಾತುಗಳನ್ನು ಎಣಿಸಿದರೆ ಇದು ಮೊದಲ ಸಾಲಿನಲ್ಲಿಯೇ ಬರುತ್ತದೆ. ಸಂಜೆಯೊಳಗೆ ಓಣಿಯ ತುಂಬ ಸುದ್ದಿಯಾಯಿತು: ಮರ್ದಾನಸಾಬನ ಮನೆಯಲ್ಲಿ ಮಂದಿಯನ್ನು ತೂಗಿ ಚಾ ಕೊಡುತ್ತಾರೆ.

ಮೂರನೆಯವನು ಮೀಟರ್ ನೋಡಲು ಬರುವ ಅಂದಪ್ಪ. ಬಿಸಿಲಲ್ಲಿ ಬೆವತು ಬಂದಿದ್ದವನನ್ನು ಮರ್ದಾನಸಾಬ ಒತ್ತಾಯ ಮಾಡಿ ಕೂರಿಸಿದ. ಒಂದೇ ಗಂಟೆ, ಒಂದೇ ಕಪ್ಪು. ಯಂತ್ರ ಗೆದ್ದಿದ್ದು ಆ ಒಂದೇ ಸಲ. ಆದರೆ ಅಂದಪ್ಪನ ಕಣ್ಣು ವೃತ್ತಿಯಿಂದಲೇ ವೈರಿನ ಹಿಂದೆ ಹೋಗುವಂಥದ್ದು. ಗಾದಿಯೊಳಗಿಂದ ಹೊರಟ ವೈರು ಅಡುಗೆಮನೆಗೆ ಹೋದದ್ದನ್ನು ಕಂಡು ತಟ್ಟನೆ ಎದ್ದು ನಿಂತ.

"ಗಾದಿಗೆ ಕರೆಂಟ್ ಕೊಟ್ಟೀರೇನ್ರಿ?"

"ಕರೆಂಟ್ ಅಲ್ರಿ ಸಾಹೇಬ್ರ, ಬ್ಯಾಟರಿ. ಯಾರರೆ ಕುಂತರ ಒಳಗ ಖಬರ ಹೊಕ್ಕೈತಿ, ಅಷ್ಟ."

"ನಾ ಕುಂತದ್ದು ಒಳಗ ಯಾರಿಗೆ ಖಬರ ಹೋತು? ಯಾಕ ಹೋತು? ಮೀಟರ್ ನೋಡಾಂವ ಬಂದಾ ಅಂತ ಏನರೆ ಮುಚ್ಚಿಡೂದು ಐತೇನು?"

ಅಂದಪ್ಪ ಉಳಿದ ಚಾವನ್ನು ನಿಂತುಕೊಂಡೇ ಕುಡಿದ. ಮನೆಯ ವೈರನ್ನೆಲ್ಲ ತಡಕಿ ನೋಡಿದ, ತಪ್ಪೇನೂ ಸಿಗಲಿಲ್ಲ. ತಪ್ಪು ಸಿಗದಿದ್ದದ್ದರಿಂದಲೇ ಅವನ ಸಂಶಯ ಗಟ್ಟಿಯಾಯಿತು. ಮುಂದಿನ ಪ್ರತಿ ಮನೆಯಲ್ಲೂ ಮೀಟರ್ ಓದಿ, ಬಿಲ್ಲು ಹರಿದು ಕೊಟ್ಟು, "ಮರ್ದಾನಸಾಬನ ಗಾದಿ ಇದ್ದರ ನೋಡಿ ಕುಂಡ್ರಿ" ಎಂದು ಹೇಳುತ್ತ ಹೋದ.

ವಾರ ಕಳೆಯುವಷ್ಟರಲ್ಲಿ ಶಿರಹಟ್ಟಿಯಿಂದ ಒಂದು ಟ್ರ್ಯಾಕ್ಟರ್ ಬಂತು. ಅದರಲ್ಲಿ ಹೋದ ತಿಂಗಳಷ್ಟೇ ಮಾಡಿಕೊಟ್ಟ ಜೋಡಿ ಗಾದಿಯಿತ್ತು. ಗಾದಿಯ ಜೊತೆಗೆ ಬಂದ ಹಿರಿಯರು ಮರ್ದಾನಸಾಬನನ್ನು ಅಂಗಡಿಯ ಹಿಂಬದಿಗೆ ಕರೆದುಕೊಂಡು ಹೋಗಿ ದನಿ ತಗ್ಗಿಸಿದರು.

"ಇದು ನಮ್ಮ ಮಗನ ಮದುವಿ ಗಾದಿ. ಇದರಾಗೂ ಗಂಟಿ ಇಟ್ಟೀಯೇನಪಾ? ಖರೆ ಹೇಳು. ಮನ್ಯಾಗ ವಯಸ್ಸಾದವರು ಅದೀವಿ."

ಮರ್ದಾನ‌ಸಾಬ ಖುರಾನಿನ ಮೇಲೆ ಆಣೆ ಮಾಡಿದ. ಹಿರಿಯರು ನಂಬಿದರು, ಆದರೆ ಮದುಮಗ ನಂಬಿಲ್ಲವಂತೆ, ನಾಲ್ಕು ದಿನದಿಂದ ಬರೀ ನೆಲದ ಮೇಲೆ ಮಲಗುತ್ತಿದ್ದಾನಂತೆ. ಕೊನೆಗೆ ಗಾದಿಯ ಹೊಲಿಗೆ ಬಿಚ್ಚಿ, ಹತ್ತಿಯನ್ನೆಲ್ಲ ಹರವಿ ತೋರಿಸಿ, ಮತ್ತೆ ತುಂಬಿ ಹೊಲಿದುಕೊಡಬೇಕಾಯಿತು. ಅದನ್ನು ನೋಡಿದವರು ತಮ್ಮ ತಮ್ಮ ಗಾದಿಗಳನ್ನೂ ಹೊತ್ತು ತಂದರು. ಅಂಗಡಿಯ ಮುಂದೆ ಹತ್ತಿ ಹಾರಾಡಿ ಪೇಟೆಯೆಲ್ಲ ಬೆಳ್ಳಗಾಯಿತು. ಸ್ಮಾರ್ಟ್ ಗಾದಿಯ ಬೋರ್ಡನ್ನು ಮರ್ದಾನಸಾಬ ತಾನೇ ಇಳಿಸಿ ಗೋಡೆಯ ಕಡೆಗೆ ಮುಖ ಮಾಡಿ ಇಟ್ಟ.

ಬೆರಳ ತುಂಬ ಸೂಜಿ ಚುಚ್ಚಿಸಿಕೊಂಡು ಮನೆಗೆ ಬಂದರೆ ಬಾಗಿಲಲ್ಲೇ ಜೈಬುನ್ನೀಸಾ ನಿಂತಿದ್ದಳು.

"ಈ ಮನ್ಯಾಗ ಎರಡರಾಗ ಒಂದು ಇರಲಿ. ಆ ಗಂಟಿ, ಇಲ್ಲಾ ನಾನು."

ಮರ್ದಾನಸಾಬ ಗಂಟೆ, ಬಿಲ್ಲೆ, ವೈರು ಎಲ್ಲವನ್ನೂ ಕಿತ್ತು ಒಂದು ಚೀಲದಲ್ಲಿ ತುಂಬಿ ಫಕೀರೇಶನಿಗೆ ಕೊಟ್ಟ. ಫಕೀರೇಶ ಅವುಗಳನ್ನು ಸಂತೋಷದಿಂದ ತನ್ನ ಟಂಟಂನ ಉಳಿದ ಸೀಟಿಗೆ ಹಾಕಿಕೊಂಡ. ಹಳೆಯ ಗಂಟೆಯನ್ನೂ ತೆಗೆದು ಇದನ್ನೇ ಕಟ್ಟಿದ, ಇದರ ದನಿ ದೊಡ್ಡದಿತ್ತು.

ಇಷ್ಟಕ್ಕೆ ಎಲ್ಲ ಮುಗಿಯಿತೆಂದು ಗಂಡ ಹೆಂಡತಿ ಇಬ್ಬರೂ ತಿಳಿದರು. ಆದರೆ ಸುದ್ದಿಯನ್ನು ಯಾರು ಕಿತ್ತು ಚೀಲದಲ್ಲಿ ತುಂಬುತ್ತಾರೆ? ಅದು ಟಂಟಂ ಏರಿ ಶಿರಹಟ್ಟಿಗೆ ಹೋಯಿತು, ಅಲ್ಲಿಂದ ಬಸ್ಸು ಹಿಡಿದು ಮುಂಡರಗಿಗೆ ಹೋಯಿತು. ಹೋಗುತ್ತ ಹೋಗುತ್ತ ದಾರಿಯಲ್ಲಿ ಮೈ ತುಂಬಿಕೊಂಡಿತು. ಗುಡುಸಾಬರ ಅಂಗಡಿಗೆ ತಲುಪುವ ಹೊತ್ತಿಗೆ ಅದರ ರೂಪ ಹೀಗಿತ್ತು: ಮರ್ದಾನಸಾಬನ ಮನೆಯಲ್ಲಿ ಕುಳಿತವನ ಯೋಗ್ಯತೆ ನೋಡಿ ಗಂಟೆ ತಾನಾಗಿ ಬಡಿಯುತ್ತದೆ. ಲೆಕ್ಕಕ್ಕೆ ಇರುವವನಿಗೆ ಬಡಿಯುತ್ತದೆ, ಇಲ್ಲದವನಿಗೆ ಇಲ್ಲ. ಗುಡುಸಾಬರು ಹೊಲಿಗೆ ನಿಲ್ಲಿಸಿ, ಕನ್ನಡಿಯಲ್ಲಿ ತಮ್ಮನ್ನು ಅಡ್ಡಡ್ಡ ನೋಡಿಕೊಂಡರಂತೆ.

ಶುಕ್ರವಾರ ಬಂತು. ಓಣಿಗೆ ಅಂದು ಹೊರಗೇ ಕೆಲಸ. ಕಸ್ತೂರೆವ್ವ ಕಟ್ಟೆಯ ಮೇಲೆ ಕುಳಿತು, ಹಸನು ಮಾಡಿಟ್ಟ ಜೋಳವನ್ನೇ ಮತ್ತೆ ಮೊರಕ್ಕೆ ಹಾಕಿ ಹಸನು ಮಾಡುತ್ತಿದ್ದಳು. ಫಕೀರೇಶ ಟಂಟಂ ತಂದು ಬಾಗಿಲ ಮುಂದೆ ನಿಲ್ಲಿಸಿ ಒರೆಸುತ್ತಿದ್ದ. ಗುಡುಸಾಬರು ಬಸ್ಸಿಳಿದು ಮೊದಲು ನಿಜಲಿಂಗಪ್ಪನ ಅಂಗಡಿಗೆ ಹೋಗಿ, ಆಮೇಲೆ ಅವನೊಂದಿಗೆ ನಡೆದುಕೊಂಡು ಬಂದರು. ಅಂಥ ಬಿಸಿಲಲ್ಲೂ ತಾವೇ ಹೊಲಿದ ಉದ್ದ ಕೋಟು ತೊಟ್ಟಿದ್ದರು. ಹೆಜ್ಜೆ ಭಾರವಾಗಿತ್ತು, ಹಣೆಯಲ್ಲಿ ಬೆವರಿತ್ತು. ಹಳೆಯ ಸಿಟ್ಟು ಇನ್ನೂ ಇಳಿದಿಲ್ಲ ಎಂದು ಮರ್ದಾನಸಾಬ ಅಂಜಿದ.

"ಬರ್ರಿ ಭಾವಾರ, ಒಳಗ ಬರ್ರಿ. ಕುಂಡ್ರಿ."

ಜೈಬುನ್ನೀಸಾ ಅಣ್ಣ ಹೊಲಿದ ಜಂಪರನ್ನೇ ತೊಟ್ಟಿದ್ದಳು. ಸಲಾಮು ಮಾಡಿ, "ಅಣ್ಣಾ" ಎಂದಳು. ಒಲೆಯ ಮೇಲೆ ಹಾಲಿದೆ ಎಂದು ಅಳುವನ್ನು ಅಡುಗೆಮನೆಗೆ ಒಯ್ದಳು.

ಗುಡುಸಾಬರು ಮೂಲೆಯ ದಪ್ಪ ಗಾದಿಯ ಮೇಲೆ ಕುಳಿತರು. ಕುಳಿತಾಗ ಎಲ್ಲಿಂದಲೋ 'ಖಣ್' ಎಂಬ ಸಪ್ಪಳ ಬಂತು. ಮರ್ದಾನಸಾಬ ಗಾದಿಯ ಅಂಚಿನತ್ತ ಬಗ್ಗಿ ನೋಡಿದ. ಯಂತ್ರದ ಯಾವುದೋ ಭಾಗ ಗಾದಿಯಲ್ಲೇ ಉಳಿಯಿತೇ? ಗುಡುಸಾಬರು ಕೆಮ್ಮಿ, ಕೋಟು ಸರಿಮಾಡಿಕೊಂಡು, ಅಡುಗೆಮನೆಯತ್ತ ಕಿವಿಗೊಟ್ಟರು. ನಿಜಲಿಂಗಪ್ಪ ಕಡಲೆ ಪೀಕಿನ ಮಾತು ತೆಗೆದ. ಗುಡುಸಾಬರು ಹೂಂಗುಟ್ಟಿದರೇ ಹೊರತು ಅವರ ಲಕ್ಷ್ಯ ಅಲ್ಲಿರಲಿಲ್ಲ. ತುಸು ಮೇಲೆದ್ದು ಮತ್ತೆ ಒತ್ತಿ ಕುಳಿತರು. ಖಣ್. ಮತ್ತೆ ಕಿವಿಗೊಟ್ಟರು. ಕೊನೆಗೆ ತಡೆಯಲಾಗಲಿಲ್ಲ.

"ಅಲ್ಲಾ, ಗಂಟಿ ಸಪ್ಪಳ ಕೇಳಲಿಲ್ಲಲ್ಲ?"

ಮರ್ದಾನಸಾಬ ಎದೆಯುಬ್ಬಿಸಿ ಹೇಳಿದ. "ಅದನ್ನ ಕಿತ್ತು ಹಾಕೀನ್ರಿ. ನೀವು ಬರತೀರಂತ ಮುದ್ದಾಂ ಕಿತ್ತೀನಿ."

ಜೈಬುನ್ನೀಸಾ ಚಾದ ತಟ್ಟೆ ಹಿಡಿದು ಬಾಗಿಲಿಗೆ ಬಂದದ್ದೂ ಆಗಲೇ. ಅಣ್ಣನ ಮುಖ ಕಂಡು ಅಲ್ಲೇ ನಿಂತಳು.

"ನಾ ಬರತೀನಂತ ಕಿತ್ತಿರಿ" ಎಂದರು ಗುಡುಸಾಬರು ಒಂದೊಂದೇ ಅಕ್ಷರವನ್ನು ಬಿಡಿಸಿ. "ಊರಿಗೆಲ್ಲಾ ಬಡಿಸಿದಿರಿ. ನಿಜಲಿಂಗಪ್ಪಗ ಎರಡು ಬಡೀತು. ಮೀಟರ್ ನೋಡಾಂವಗ ಸುದ್ದಾ ಒಂದು ಬಡೀತು. ಸ್ವಂತ ಹೆಣ್ತಿ ಅಣ್ಣ ಬರೂ ದಿನಾ ಕಿತ್ತಿರಿ. ಇಂವಗ ಹೆಂಗೂ ಬಡಿಯಂಗಿಲ್ಲಂತ ತಿಳದಿರೇನು?"

"ಅಣ್ಣಾ, ಅದರ ಮಾತು ಬಿಡು. ನಾ ತಂದೀನಿ, ಚಾ ತಗೋ."

"ಲೆಕ್ಕಕ್ಕ ಇಲ್ಲದಾಂವಗ ಚಾ ಯಾಕವ್ವಾ."

ಏಳಲು ಹೋದರು, ಮೊದಲ ಸಲ ಆಗಲಿಲ್ಲ. ಎರಡನೆಯ ಸಲ ಗೋಡೆ ಹಿಡಿದು ಎದ್ದರು. ಯಾರ ಮುಖವನ್ನೂ ನೋಡದೆ ಹೊರಗೆ ನಡೆದರು. ಜೈಬುನ್ನೀಸಾ ತಟ್ಟೆಯನ್ನು ನೆಲಕ್ಕಿಟ್ಟು ಒಳಗೆ ಹೋಗಿ, ಬುರ್ಖಾ ಹಾಕಿಕೊಂಡು, ಚೀಲ ಹಿಡಿದು ಬಂದಳು. ಗಂಡನ ಕಡೆ ನೋಡಲಿಲ್ಲ. ಹಾಲಿನ ಡಬ್ಬಿ, ಪಂಪು, ಗಂಟೆ, ತಲೆ ಮಾಡಿದ್ದೆಲ್ಲ ಒಟ್ಟಿಗೆ ನೆನಪಾಗಿ, ಇವಳು ಹೋದರೆ ಈ ಮನೆಯಲ್ಲಿ ತಾನೊಬ್ಬನೇ ಯಾರ ಮೇಲೆ ಸಿಟ್ಟಾಗಲಿ, ಯಾರಿಂದ ಬೈಸಿಕೊಳ್ಳಲಿ ಎಂದು ಮರ್ದಾನಸಾಬನಿಗೆ ಅಳು ಬಂತು.

ಹೊರಗೆ ಗುಡುಸಾಬರು ಟಂಟಂನ ಹಿಂದಿನ ಸೀಟಿಗೆ ಹತ್ತಿದರು. "ಬಸ್ ಸ್ಟ್ಯಾಂಡಿಗೆ ನಡೀಪಾ" ಎಂದು ಸಿಟ್ಟಿನಿಂದ ಕುಳಿತರು.

ಟಣ್. ಟಣ್.

ಕಸ್ತೂರೆವ್ವನ ಮೊರದಿಂದ ಜೋಳ ಚೆಲ್ಲಿತು.

"ಬಡೀತೋ!" ಎಂದು ಕೂಗಿದಳು ಮುದುಕಿ. "ಎರಡು ಬಡೀತೋ! ನೋಡ್ರಿ, ಇಷ್ಟು ಸಣ್ಣ ಆಳು, ಎಂಥಾ ತೂಕ ಐತಿ!"

ಹೊಸ್ತಿಲ ಮೇಲೆ ಚೀಲ ಹಿಡಿದು ನಿಂತಿದ್ದ ಜೈಬುನ್ನೀಸಾ ಆ ಸಪ್ಪಳ ಕೇಳಿ ಚೀಲವನ್ನು ಅಲ್ಲೇ ಬಿಟ್ಟು ಒಳಗೆ ಓಡಿದಳು. ತಟ್ಟೆ ಎತ್ತಿಕೊಂಡು, ಎರಡು ಕಪ್ಪು ಇಟ್ಟುಕೊಂಡು, ಟಂಟಂನ ಹತ್ತಿರ ಬಂದು ನಿಂತಳು.

"ಗಂಟಿ ಬಡೀತಣ್ಣಾ. ಎರಡು ಬಡೀತು. ಎರಡು ಕಪ್ಪು ತಂದೀನಿ. ಈಗರೆ ತಗೋ."

ಗುಡುಸಾಬರು ಮುಂದಿನ ಗಂಟೆಯನ್ನು ನೋಡಿದರು. ನಿಜಲಿಂಗಪ್ಪನನ್ನು ನೋಡಿದರು. ಮುಖದಲ್ಲಿ ಬರುತ್ತಿದ್ದ ಸಂತೋಷವನ್ನು ಮೀಸೆಯೊಳಗೆ ಹಿಡಿದಿಟ್ಟುಕೊಳ್ಳಲು ಬಹಳ ಕಷ್ಟಪಟ್ಟರು.

"ಇವರಿಗೂ ಎರಡು ಬಡದಿದ್ದುವೇನು?"

"ಹೌದು, ಎರಡು" ಎಂದಳು ಜೈಬುನ್ನೀಸಾ.

"ಹಂಗಾರ ಆತು."

ಓಣಿಯ ನಡುವೆ, ಟಂಟಂನಲ್ಲಿ ಕುಳಿತು, ಊರೆಲ್ಲ ನೋಡುತ್ತಿರುವಂತೆ ಗುಡುಸಾಬರು ಮೊದಲ ಕಪ್ಪು ಚಾ ಕುಡಿದರು. ಎರಡನೆಯದಕ್ಕೆ ಬಗ್ಗಿ ಕೈ ಚಾಚಿದರು. ಅಷ್ಟು ಹೊತ್ತು ತಡೆದುಕೊಂಡಿದ್ದ ಕೋಟಿನ ಹೊಲಿಗೆ ಆಗ ಬಿಟ್ಟುಕೊಟ್ಟಿತು. ಪರ್ರೆಂದು ಜೇಬು ಹರಿದು, ತೂಕದ ಕಬ್ಬಿಣದ ಕಲ್ಲುಗಳು ಟಂಟಂನ ತಗಡಿನ ಮೇಲೆ ಧಡಧಡ ಬಿದ್ದವು. ಒಂದು ಉರುಳಿ ಕೆಳಗಿಳಿದು ನಿಜಲಿಂಗಪ್ಪನ ಕಾಲ ಬಳಿ ನಿಂತಿತು.

ನಿಜಲಿಂಗಪ್ಪ ಅದನ್ನು ಎತ್ತಿ ತಿರುಗಿಸಿ ನೋಡಿದ. "ಅಲಾ ಇದರ! ಇವು ನನ್ನ ಅಂಗಡಿ ಕಲ್ಲು. ಎಲೆಕ್ಟ್ರಾನಿಕ್ ಕಾಟಾ ಬಂದ ಮ್ಯಾಲ ಮೂಲ್ಯಾಗ ಬಿದ್ದಿದ್ದುವು. ಈಗ ಬರೂ ಮುಂದ, ಅರಿವಿ ಹಾರಬಾರದಂತ ಮ್ಯಾಲ ಇಡಾಕ ಬೇಕು ಅಂತ ಇವರು..."

ಅವನು ಅಷ್ಟಕ್ಕೇ ನಿಲ್ಲಿಸಿದ. ಗುಡುಸಾಬರ ಮುಖದಲ್ಲಿ ರಕ್ತವಿರಲಿಲ್ಲ. ಎರಡನೆಯ ಕಪ್ಪು ಕೈಯಲ್ಲೇ ಉಳಿದಿತ್ತು. ಕಡ್ಡಿಯಂಥ ಆ ಮನುಷ್ಯ, ತಂಗಿಯ ಮನೆಯಲ್ಲಿ ಈ ಸಲವಾದರೂ ತಾನು ಕುಳಿತದ್ದು ತಿಳಿಯಲಿ ಎಂದು, ಬಿಸಿಲಲ್ಲಿ ಕಬ್ಬಿಣ ಹೊತ್ತು ಬಂದಿದ್ದರು. ಕಸ್ತೂರೆವ್ವ ಬಾಯಿ ತೆರೆಯುವುದರಲ್ಲಿದ್ದಳು. ಅವಳು ಬಾಯಿ ತೆರೆದಿದ್ದರೆ ಆ ಮಾತು ಮುಂಡರಗಿಯ ಆಚೆಗೂ ಹೋಗುತ್ತಿತ್ತು.

ಮರ್ದಾನಸಾಬ ತಟ್ಟನೆ ಮುಂದೆ ಬಂದ. ಏನೂ ಯೋಚಿಸಲಿಲ್ಲ. ಯೋಚಿಸಿದ್ದರೆ ಕೆಡಿಸುತ್ತಿದ್ದ.

"ಸಾವಕಾರ್ರ, ಕಲ್ಲು ನಿಮ್ಮವಲ್ರಿ. ನನ್ನವು. ರೆಕ್ಸಿನ್ ಗಟ್ಟಿ ಕುಂಡ್ರಲಿ ಅಂತ ನಿನ್ನಿ ಈ ಸೀಟಿನ ಮ್ಯಾಲ ನಾ ಇಟ್ಟು ಮರತಿದ್ದೆ. ಅವುಕ್ಕ ಸಿಕ್ಕು ಭಾವಾರ ಕೋಟು ಹರೀತು. ನನ್ನದ ತಪ್ಪು, ಮಾಫ್ ಮಾಡ್ರಿ ಭಾವಾರ."

ನಿಜಲಿಂಗಪ್ಪ ಕಲ್ಲಿನ ಮೇಲಿದ್ದ ತನ್ನ ಅಂಗಡಿಯ ಗುರುತನ್ನು ನೋಡಿದ. ಜೈಬುನ್ನೀಸಾಳ ಮುಖವನ್ನೂ ನೋಡಿದ. ವ್ಯಾಪಾರದಲ್ಲಿ ಒಂದು ಕಾಳು ಬಿಟ್ಟುಕೊಡದ ಆಸಾಮಿ ಅಂದು ಅಷ್ಟೂ ಕಬ್ಬಿಣವನ್ನು ಬಿಟ್ಟುಕೊಟ್ಟ.

"ಹೌದೌದು. ನನ್ನವೂ ನೋಡಾಕ ಹಿಂಗ ಅದಾವ. ಅದಕ್ಕ ತಪ್ಪು ತಿಳದೆ."

"ಹಂಗಾರ ಗಂಟಿ..." ಎಂದು ಕಸ್ತೂರೆವ್ವ ಶುರುಮಾಡಿದಳು.

"ಯವ್ವಾ, ನಿಂಗೂ ಚಾ ತರತೀನಿ, ದೊಡ್ಡ ಲೋಟದಾಗ" ಎಂದು ಜೈಬುನ್ನೀಸಾ ಅವಳ ಬಾಯಿ ಮುಚ್ಚಿಸಿದಳು.

ಗುಡುಸಾಬರು ಮರ್ದಾನಸಾಬನನ್ನು ಬಹಳ ಹೊತ್ತು ನೋಡಿದರು. ಹೊಸ ಮನೆ ಹೊಕ್ಕ ದಿನ ತಮ್ಮನ್ನು ಮರೆತಿದ್ದ ಮನುಷ್ಯ ಇವನೇನಾ ಎಂದು ಪರೀಕ್ಷಿಸುವಂತಿತ್ತು ಆ ನೋಟ. ಆಮೇಲೆ ಕಪ್ಪನ್ನು ತಟ್ಟೆಯಲ್ಲಿಟ್ಟು, ಟಂಟಂನಿಂದ ಕೆಳಗಿಳಿದರು. ಹಗುರಾಗಿ ಇಳಿದರು.

"ಮರ್ದಾನಸಾಬ, ಎರಡನೇ ಕಪ್ಪು ಒಳಗ ಕುಂತು ಕುಡೀತೀನಿ. ನಡಿ."

ಹಿಂದೆಂದೂ 'ನೀವು' ಬಿಟ್ಟು ಮಾತಾಡದಿದ್ದ ಭಾವ ಅಂದು 'ನಡಿ' ಎಂದರು. ಅವರು ಮೂಲೆಯ ಅದೇ ಗಾದಿಯ ಮೇಲೆ ಕುಳಿತು ಚಾ ಕುಡಿದರು, ಬಿರಿಯಾನಿ ಉಂಡರು, ಮತ್ತೆ ಚಾ ಕುಡಿದರು. ತಂಗಿ ಅವರ ಕೋಟಿನ ಜೇಬನ್ನು ಹೊಲಿದು ಕೊಟ್ಟಳು. ಹೊಲಿಗೆ ಓರೆಯಾಗಿದೆ ಎಂದು ಅವರು ಬೈದರು, ಅವಳು ನಕ್ಕಳು. ಜೇಬು ಹೇಗೆ ಹರಿಯಿತೆಂದು ಅವಳು ಕೇಳಲಿಲ್ಲ. ಸಂಜೆಯ ಬಸ್ಸಿಗೆ ಫಕೀರೇಶನೇ ಬಿಟ್ಟು ಬಂದ. ಹೋಗುವಾಗ ಒಂದೂ ಗಂಟೆ ಬಡಿಯಲಿಲ್ಲ, ಬಡಿಯಲಿಲ್ಲವೆಂದು ಯಾರೂ ಹೇಳಲೂ ಇಲ್ಲ.

ಬೀಗರು ಹೋದ ಮೇಲೆ ಗಾದಿಗಳನ್ನು ಬಡಿದು ಹದ ಮಾಡಿ ಇಡುವುದು ಮರ್ದಾನಸಾಬನ ರೂಢಿ. ಮೂಲೆಯ ಗಾದಿಯ ಹತ್ತಿರ ಬಂದ. ಅದರ ನಡುವೆ ಒಂದು ತಗ್ಗು ಬಿದ್ದಿತ್ತು. ಎರಡು ಸಲ ಹಿಂಜಿದ ಹೊಸ ಹತ್ತಿಯ ಮೇಲೆ ಒಳ್ಳೆಯ ಆಳವಾದ ತಗ್ಗು. ಬಡಿಯಲು ಕೈ ಎತ್ತಿದ.

"ಮುಟ್ಟಬ್ಯಾಡ್ರಿ" ಎಂದಳು ಜೈಬುನ್ನೀಸಾ. ಅವಳು ಬಂದು ಗಾದಿಯ ಪಕ್ಕದಲ್ಲಿ ನೆಲದ ಮೇಲೆ ಕುಳಿತು ಆ ತಗ್ಗಿನ ಮೇಲೆ ಅಂಗೈ ಆಡಿಸಿದಳು. "ಇರಲಿ, ಹಂಗ ಇರಲಿ. ನಮ್ಮಣ್ಣ ಕುಂತ ಜಾಗ."

ಆ ತಗ್ಗಿನಲ್ಲಿ ಅರ್ಧ ಪಾಲು ನಿಜಲಿಂಗಪ್ಪನ ಅಂಗಡಿಯದು ಎಂಬ ಮಾತು ಮರ್ದಾನಸಾಬನ ತಲೆಗೆ ಬಂತು, ನಾಲಿಗೆಯ ತುದಿಯವರೆಗೂ ಬಂತು. ಅವನು ಎತ್ತಿದ ಕೈಯನ್ನು ಇಳಿಸಿ, "ಹೌದು, ಅವರು ಕುಂತ ಜಾಗ" ಎಂದ.